ಕಾಗೆಯ ಮುಂದೆ ಕೊಟ್ಟ ಮಾತು

ತಟ್ಟೆ ಬಂದು ಬಹಳ ಹೊತ್ತಾದರೂ ರವಿಕುಮಾರನ ಕೈ ತೊಡೆಯ ಮೇಲಿಂದ ಏಳಲಿಲ್ಲ. ಆಗತಾನೇ ತವೆಯಿಂದ ಇಳಿದ ತಾರ್ಲಿ ಮೀನು, ಅಕ್ಕಿಯ ಭಾಕರಿ, ಬಟ್ಟಲಲ್ಲಿ ಕೋಕಂ ಹುಳಿ ಹಾಕಿದ ಕೆಂಪು ಸಾರು. ಕೇಳವೆ ಊರಿನ ಶಾಂತಾಬಾಯಿಯ ಖಾನಾವಳಿ ಎಂದರೆ ಅವಳ ಮನೆಯ ಪಡಸಾಲೆಯೇ. ಎದುರಿಗೆ ಗಾಳಿಮರಗಳ ಸಾಲು, ಅದರಾಚೆ ಸಮುದ್ರ.

"ಉಣ್ಣೋ ರವಿ, ಆರತದ," ಎಂದರು ಪಕ್ಕದಲ್ಲಿ ಕುಳಿತ ರಘೋತ್ತಮರಾಯರು. ಅವರ ಮುಂದೆ ಒಂದು ಎಳನೀರು, ಮನೆಯಿಂದ ಕಟ್ಟಿ ತಂದ ಅವಲಕ್ಕಿ.

"ಕರ್ಕೊಂಡ ಬಂದಿ, ಸಮುದ್ರಾ ತೋರಿಸಿದಿ. ದಾರಿಯಾಗ ಬಿದಿರಿಗೆ ಬೊಂಬಿಲ್ ಮೀನು ಒಣ ಹಾಕಿದ್ದ ನೋಡಿ, ನಮ್ಮ ಮಠದಾಗ ಪಂಜೆ ಒಣ ಹಾಕಿದಂಗ ಅದ ಅಂತ ನಗಿಸಿದಿ. ಸಾಕಪಾ. ನೀ ಕೊಟ್ಟ ಮಾತು ತೀರಿತು."

"ಕರ್ಕೊಂಡ ಹೋಗ್ತೀನಿ ಅಂತಷ್ಟ ಅಂದಿದ್ದಿಲ್ಲ. ಉಣ್ಣಸ್ತೀನಿ ಅಂದಿದ್ದೆ."

ಹೋದ ವರ್ಷ ನಾಸಿಕದ ರಾಮಕುಂಡದಲ್ಲಿ ರವಿಕುಮಾರನ ಹೆಂಡತಿ ಮಂಜುಳೆಯ ಹತ್ತನೆಯ ದಿನದ ಪಿಂಡ ಇಟ್ಟಾಗ ಕಾಗೆ ಮುಟ್ಟಲಿಲ್ಲ. ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಮಗ ಕೈಮುಗಿದ. ಮಗಳು ಅತ್ತುಕೊಂಡು ಏನೇನೋ ಬೇಡಿಕೊಂಡಳು. ಕಾಗೆ ಗೋಡೆಯ ಮೇಲೆಯೇ ಕುಳಿತಿತ್ತು. ಕೊನೆಗೆ ರಾಯರು ಮುಂದೆ ಬಂದು, "ವೈನಿ, ಇಂವ ಮೀನು ಬಿಟ್ಟಾನು ಅಂತ ಚಿಂತಿ ಮಾಡಬ್ಯಾಡ್ರಿ. ವರ್ಷಾಂತಿಕ ಆಗ್ಲಿ, ಸಮುದ್ರದ ದಂಡಿಗೆ ಕರ್ಕೊಂಡ ಹೋಗಿ ನಾನ ಕುಂತು ಉಣ್ಣಸ್ತೀನಿ," ಎಂದರು. ಕಾಗೆ ಹಾರಿ ಬಂದು ಪಿಂಡ ಮುಟ್ಟಿತು. ಈರುಳ್ಳಿಯನ್ನೂ ತಿನ್ನದ ಬ್ರಾಹ್ಮಣ ಆಡಿದ ಮಾತು ಕೇಳಿ ಮಂತ್ರ ಹೇಳುವವರೂ ತಲೆಯೆತ್ತಿ ನೋಡಿದ್ದರು. ಈಗ ವರ್ಷಾಂತಿಕ ಮುಗಿದ ವಾರಕ್ಕೇ ರಾಯರು ತಮ್ಮ ಮಗಳ ಊರು ಸಂಭಾಜಿನಗರದಿಂದ ತಾವೇ ಕಾರು ಓಡಿಸಿಕೊಂಡು ಓಝರ್‌ಗೆ ಬಂದು, ಗೆಳೆಯನನ್ನು ಕೂರಿಸಿಕೊಂಡು ಜವ್ಹಾರದ ಘಟ್ಟ ಇಳಿದಿದ್ದರು.

ಇಬ್ಬರೂ ಕೆಲಸದಲ್ಲಿದ್ದಾಗ ಓಝರ್‌ನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಅವರ ಎರಡು ಮನೆಗಳಿಗೂ ಒಂದೇ ಗೋಡೆ. ಅಂಕೋಲೆಯ ಮಂಜುಳೆ ತವೆಯ ಮೇಲೆ ಮೀನು ಹಾಕುವ ಮೊದಲು ರಾಯರ ಮನೆಯ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಬೇಸಿಗೆಯಲ್ಲೂ ಮುಚ್ಚಿ, ಹೊಗೆಯಲ್ಲೇ ನಿಂತು ಬೆವರುತ್ತಿದ್ದಳು. ಅವಳು ಅದನ್ನೆಂದೂ ಹೇಳಿಕೊಳ್ಳಲಿಲ್ಲ. ಗೋಡೆಯ ಈಚೆ ದೇವರ ಮುಂದೆ ಕುಳಿತ ರಾಯರಿಗೆ ಕಿಟಕಿಯ ಸಪ್ಪಳ ಮಾತ್ರ ಕೇಳುತ್ತಿತ್ತು.

"ರಘೂ," ರವಿಕುಮಾರ ತಟ್ಟೆಯನ್ನು ಮೆಲ್ಲಗೆ ಸರಿಸಿದ. "ನನಗ ಮುಳ್ಳು ಬಿಡಸಾಕ ಬರೂದಿಲ್ಲೋ. ಅಕಿ ಇರೂತನಾ ಒಂದ ದಿನಾ ನಾ ಬಿಡಿಸಿಲ್ಲ. 'ನಿಮ್ಮ ಗದಗಿನವ್ರಿಗೆ ಮೀನು ತಿನ್ನೂಕೆ ಬರೂದಿಲ್ಲ ಬಿಡಿ' ಅಂತ ನಕ್ಕೋತ, ಎಲ್ಲಾ ತಗದ ನನ್ನ ತಟ್ಟಿಗೆ ಇಡತಿದ್ಲು. ಇದನ್ನ ಹೆಂಗ ಮುಟ್ಟಲಿ, ಹೇಳು."

ರಾಯರು ಕೊರಳಿನ ತುಲಸೀಮಣಿಯನ್ನು ಅಂಗಿಯೊಳಗೆ ಸೇರಿಸಿ, ತೋಳು ಮೇಲಕ್ಕೆ ಮಡಚಿ, ತಟ್ಟೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು.

"ಲೇ, ಏನ ಮಾಡಾಕತ್ತಿ? ಕೈ ತಗಿ! ದೇವರು ನೋಡತಾನ."

"ನೋಡ್ಲಿ. ಮೊದಲ ಮೀನಾಗೇ ಬಂದಾವ ಅಂವ."

ಮೊದಲ ಮೀನು ಅವರ ಬೆರಳಲ್ಲಿ ಪುಡಿಪುಡಿಯಾಯಿತು. ಬಾಗಿಲಲ್ಲಿ ನಿಂತಿದ್ದ ಶಾಂತಾಬಾಯಿ ಸೆರಗಿನಲ್ಲಿ ನಗೆ ಮುಚ್ಚಿಕೊಂಡು, ಬೆನ್ನಿನ ಕಡೆಯಿಂದ ಸೀಳಿ ನಡುವಿನ ಮುಳ್ಳನ್ನು ಎಳೆಯಿರಿ ಕಾಕಾ ಎಂದು ಮರಾಠಿಯಲ್ಲಿ ಹೇಳಿಕೊಟ್ಟಳು. ಎರಡನೆಯದರಲ್ಲಿ ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಎದ್ದು ಬಂತು. ಉಳಿದ ಸಣ್ಣ ಮುಳ್ಳುಗಳನ್ನು ರಾಯರು ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, ಪೂಜೆಯ ಹೂವಿನಿಂದ ಕಸ ಆರಿಸುವ ಹಾಗೆ ಒಂದೊಂದಾಗಿ ತೆಗೆದರು. ಬಿಳಿಯ ತುಣುಕುಗಳನ್ನು ಭಾಕರಿಯ ಪಕ್ಕ ಕೂಡಿಟ್ಟು ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

"ಉಣ್ಣು. ಒಂದು ಮುಳ್ಳು ಉಳದಿದ್ರೂ ವೈನಿ ನನ್ನ ಬೈತಾರ."

ರವಿಕುಮಾರ ತುತ್ತು ಬಾಯಿಗಿಟ್ಟ. ಅಗಿಯುತ್ತಿದ್ದಂತೆ ಕಣ್ಣಿಂದ ನೀರಿಳಿಯಿತು. ಒರೆಸಿಕೊಳ್ಳದೆ ಇನ್ನೊಂದು ತುತ್ತು ಕಲಸಿದ. "ಉಪ್ಪು ಸ್ವಲ್ಪ ಹೆಚ್ಚಾಗೇತಿ," ಎಂದ.

"ಅದು ನಿನ್ನ ಕಣ್ಣೀರಿಂದು. ಶಾಂತಾಬಾಯಿ ಅಡಗಿಗೆ ಹೆಸರಿಡಬ್ಯಾಡ."

ಇಬ್ಬರೂ ನಕ್ಕರು. ಒಳಗೆ ಶಾಂತಾಬಾಯಿ ತವೆಯ ಮೇಲೆ ಮತ್ತೆರಡು ಮೀನು ಹಾಕಿದಳು. ಎಣ್ಣೆಯ ಹೊಗೆ ಅಡುಗೆಮನೆಯ ಕಿಟಕಿಯಿಂದ ನೇರವಾಗಿ ರಾಯರ ಮುಖಕ್ಕೆ ಬಂತು. ಅವರು ಕೆಮ್ಮಿದ್ದು ಕೇಳಿ, ಪಾಪ, ಈ ಕಾಕಾ ಮೀನು ತಿನ್ನುವವರಲ್ಲ ಎಂದು ಅವಳಿಗೆ ನೆನಪಾಗಿ, ಓಡಿ ಬಂದು ಕಿಟಕಿಯ ಬಾಗಿಲಿಗೆ ಕೈ ಹಾಕಿದಳು.

ರಾಯರು ತಲೆಯೆತ್ತಿ ಆ ಕೈಯನ್ನೇ ನೋಡಿದರು. ಕೈ ಚಾಚಿ ಕಿಟಕಿಯ ಬಾಗಿಲನ್ನು ತಡೆದರು.

"ಮುಚ್ಚಬ್ಯಾಡ್ರಿ ಬಾಯಿ," ಎಂದರು, ಅವಳಿಗೆ ಕನ್ನಡ ಬಾರದೆಂಬುದನ್ನೂ ಮರೆತು. "ಇಷ್ಟ ವರ್ಷ ಮುಚ್ಚಿದ್ದ ಸಾಕು."