ಕುಂಕುಮ ಹತ್ತಿದ ಮೊಟ್ಟೆ

“ಗಟ್ಟಿಯಾಗಿ ಹಿಡ್ಕೊಳೇ, ಕೊಸರ್ಕೊಂಡು ಹೋಗ್ಬುಡ್ತದೆ!”

ಚೈತ್ರಶ್ರೀ ಕೋಳಿಯನ್ನು ಎದೆಗೆ ಅವುಚಿಕೊಂಡಳು. ಶಿವಲೀಲಾ ಅದರ ಬಾಲ ಎತ್ತಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೊಟ್ಟೆ ಬರುವ ಜಾಗಕ್ಕೆ ದಪ್ಪಗೆ ಬಳಿದಳು. ಕೆಂಚು ಕೋಳಿಗೆ ಅರಿಶಿನ, ಕರಿ ಕೋಳಿಗೆ ಬಟ್ಟೆಗೆ ಹಾಕುವ ನೀಲಿ ಆಗಲೇ ಆಗಿತ್ತು. ಬೆಳಗ್ಗೆ ಮೊಟ್ಟೆಗೆ ಹತ್ತಿದ ಬಣ್ಣ ನೋಡಿದರೆ ಯಾವುದು ಯಾವ ಕೋಳಿಯದೆಂದು ತಿಳಿಯುತ್ತದೆ. ಯಾವ ಕೋಳಿಯ ಬಣ್ಣ ಮೊಟ್ಟೆಯ ಮೇಲೆ ಕಾಣಿಸುವುದಿಲ್ಲವೋ ಅದು ಮಧ್ಯಾಹ್ನದ ಸಾರಿನ ಪಾಲು.

ಮನೆಯಲ್ಲಿ ಕೋಳಿ ಮೂರು, ಸಿಗುವ ಮೊಟ್ಟೆ ದಿನಕ್ಕೆ ಎರಡೇ. ಇಷ್ಟು ದಿನ ಇದರಿಂದ ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ಚೈತ್ರಾಳ ಅತ್ತೆಯ ಅಕ್ಕ ಶಿವಲೀಲಾ ಕುಂದೂರಿನಿಂದ ಬಂದಿಳಿದ ಮೇಲೆ ಕೆಟ್ಟಿತು.

“ಇಡದೇ ಇರೋದ್ನ ಇಟ್ಕೊಂಡು ಯಾಕೆ ಸಾಕ್ತೀರ?” ಎಂದಳು ಶಿವಲೀಲಾ, ಕೈ ಒರೆಸಿಕೊಳ್ಳುತ್ತ. ಅವಳ ಕಣ್ಣು ಕೋಳಿಯ ಮೇಲಿರಲಿಲ್ಲ.

ಚೈತ್ರಾಳ ಮದುವೆಯಾಗಿ ಏಳು ವರ್ಷ. ತೊಟ್ಟಿಲು ಕಟ್ಟಲಿಲ್ಲ. ಕುಂಕುಮ ಬಳಿಸಿಕೊಂಡ ಬೋಳುಕತ್ತಿನ ಕೋಳಿ ಪಾಳ್ಯದ ತವರಿನಿಂದ ಅವಳೇ ತಂದದ್ದು. ಕೋಳಿಗೂ ಅದನ್ನು ತಂದವಳಿಗೂ ಒಂದೇ ಹೆಸರು ಹಿಡಿಸುವುದು ಶಿವಲೀಲಾಳ ಲೆಕ್ಕಾಚಾರ. ಚೈತ್ರಾಳಿಗೆ ಅದು ಅರ್ಥವಾಗದೆ ಇರಲಿಲ್ಲ.

ಸಂಜೆ ಜಗಲಿಯಲ್ಲಿ ಶಿವಲೀಲಾ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಸೊಸೆಯನ್ನು ಪಾಳ್ಯಕ್ಕೆ ಕಳಿಸಿಬಿಡುವುದು. ಅವಳ ಗಂಡ ಮಂಜುನಾಥನಿಗೆ ಬೇರೆ ಹೆಣ್ಣು. ನೋಡಿಯೂ ಆಗಿದೆ.

“ಮಂಜು ನಮ್ಮನೇಲಿ ಹುಟ್ಟಿದ ಹುಡುಗ. ಅವನ ಕುಡಿ ನಿಂತೋದ್ರೆ ಏನ್ ಸಂಕಟ ಅಂತ ಹೆತ್ತ ಹೊಟ್ಟೇಗೇ ಗೊತ್ತು.”

ಅತ್ತೆ ಗಂಗಾಮಣಿ ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬಾಣಂತನ ಅಕ್ಕನ ಮನೆಯಲ್ಲಿ ಆಗಿತ್ತಂತೆ. ಆ ಋಣಕ್ಕೆ ಅವಳು ಅಕ್ಕನೆದುರು ತುಟಿ ಬಿಚ್ಚುವುದಿಲ್ಲವೆಂದು ಮನೆಮಂದಿಗೆಲ್ಲ ಗೊತ್ತು. ಆ ಮೌನವೇ ಒಪ್ಪಿಗೆ ಎಂದುಕೊಂಡಳು ಚೈತ್ರಾ.

ಇನ್ನು ಮಂಜುನಾಥ. ಕಾಫಿ ಗಿಡಕ್ಕೆ ಬೀಳುವ ಕಾಂಡಕೊರಕ ಹುಳುವಿನ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾನೆ. ಹೆಂಡತಿಯ ಪರವಾಗಿ ಒಂದು ಮಾತು ಹುಟ್ಟಲಿಲ್ಲ. “ನಾಳೆ ನೋಡಾಣ ದೊಡ್ಡಮ್ಮ,” ಎಂದು ಎದ್ದುಹೋದ.

ಮರುದಿನ, ಭಾನುವಾರ ಬೆಳಗ್ಗೆ, ಚೈತ್ರಾ ಎಲ್ಲರಿಗಿಂತ ಮೊದಲು ಕೋಳಿಗಳು ಮೊಟ್ಟೆಯಿಡುವ ಬುಟ್ಟಿ ನೋಡಿದಳು. ಹುಲ್ಲಿನ ಮೇಲೆ ಎರಡು ಮೊಟ್ಟೆ. ಒಂದರ ಮೇಲೆ ಹಳದಿ ಗೀರು, ಇನ್ನೊಂದರ ಮೇಲೆ ನೀಲಿ. ಬೋಳುಕತ್ತಿನದು ಮೂಲೆಯಲ್ಲಿ ಮಣ್ಣು ಕೆದರುತ್ತ ನಿಂತಿತ್ತು.

ಅವಳು ಒಳಗೆ ಓಡಿದಳು. ಎಣ್ಣೆ ಕುಂಕುಮದ ಬಟ್ಟಲು ಕಿಟಕಿಯಲ್ಲೇ ಇತ್ತು. ಬೆರಳಿಗೆ ತೆಗೆದುಕೊಂಡು, ಇನ್ನೊಂದು ಕೈಯನ್ನು ಅಕ್ಕಿ ಡಬ್ಬಿಗೆ ಹಾಕಿದಳು. ಹಿಂದಿನ ದಿನದ ಮೊಟ್ಟೆಗಳು ಅದರೊಳಗೆ ಹೂತಿದ್ದವು.

“ಏನ್ ಹುಡುಕ್ತಿದ್ದೀಯ?”

ಬಾಗಿಲಲ್ಲಿ ಗಂಗಾಮಣಿ.

“ಏನಿಲ್ಲ ಅತ್ತೆ.”

ಗಂಗಾಮಣಿ ಸೊಸೆಯ ಕೆಂಪು ಬೆರಳುಗಳನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಮುಖ ಕಲ್ಲಿನ ಹಾಗಿತ್ತು.

“ಕೈ ತೊಳ್ಕೊ. ತೋಟಕ್ಕೆ ಹೋಗಿ ಮಂಜುನ ಕರ್ಕೊಂಡ್ಬಾ. ಅಕ್ಕ ಈಗ ಬುಟ್ಟಿ ನೋಡ್ತಾಳೆ.”

ಅಲ್ಲಿಗೆ ಮುಗಿಯಿತು. ತೋಟದ ದಾರಿಯುದ್ದಕ್ಕೂ ಚೈತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಸೀರೆ ತೆಗೆದುಕೊಂಡು ಹೋಗುವುದು, ಅಪ್ಪನಿಗೆ ಏನು ಹೇಳುವುದು ಎಂಬುದನ್ನೂ ಯೋಚಿಸಿಬಿಟ್ಟಳು.

ವಾಪಸು ಬಂದಾಗ ಶಿವಲೀಲಾ ಬುಟ್ಟಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕತ್ತಿ. ಅವಳ ಮುಖ ಮಾತ್ರ ಕೆಟ್ಟಿತ್ತು.

ಬುಟ್ಟಿಯಲ್ಲಿ ಮೂರು ಮೊಟ್ಟೆಗಳಿದ್ದವು. ಹಳದಿ. ನೀಲಿ. ಕೆಂಪು.

ಚೈತ್ರಾ ಬಗ್ಗಿ ನೋಡಿದಳು. ತಾನಂತೂ ಇಟ್ಟಿರಲಿಲ್ಲ. ಹಾಗಾದರೆ ಕೋಳಿಯೇ ಇಟ್ಟಿತೇ? ಸಂತೋಷಕ್ಕೆ ಅಳು ಒತ್ತರಿಸಿ ಬಂತು.

ಶಿವಲೀಲಾ ಕೆಂಪು ಗೀರಿನ ಮೊಟ್ಟೆಯನ್ನು ಕೈಗೆತ್ತಿಕೊಂಡಳು. ಕೆನ್ನೆಗೆ ಒತ್ತಿ ನೋಡಿದಳು. ತಿರುಗಿಸಿದಳು.

“ತಣ್ಣಗೈತೆ. ಎಣ್ಣೆಗೆ ಅಕ್ಕಿಕಾಳು ಅಂಟೈತೆ. ಗೂಡಲ್ಲಿ ಅಕ್ಕಿ ಎಲ್ಲಿಂದ ಬಂತು?” ಎಂದವಳೇ ಚೈತ್ರಾಳ ಕೈ ಎಳೆದು ಹಿಡಿದಳು. ಉಗುರಿನ ಸಂದಿಯಲ್ಲಿ ಕುಂಕುಮ ಉಳಿದಿತ್ತು. “ನೋಡೋ ಮಂಜು, ನಿನ್ನ ಹೆಂಡ್ತಿ ಕೈಚಳಕ!”

“ನಾನಲ್ಲ,” ಎಂದಳು ಚೈತ್ರಾ.

“ಚೈತ್ರಾ, ನಿಜ ಹೇಳು,” ಎಂದ ಮಂಜುನಾಥ. ಇಷ್ಟು ಹೊತ್ತಿಗೆ ಅವನಿಗೆ ಬಾಯಿ ಬಂದಿತ್ತು.

“ಇವಳು ಏನ್ ಹೇಳ್ತಾಳೆ? ಇವತ್ತೇ ಬಸ್ ಹತ್ತಿಸು. ಗಂಗೂ, ಆ ಕೋಳಿ ಹಿಡ್ಕೊಂಡ್ಬಾ.”

ಗಂಗಾಮಣಿ ಕದಲಲಿಲ್ಲ. ನಿಧಾನವಾಗಿ ತನ್ನ ಬಲಗೈ ಮುಂದೆ ಚಾಚಿ ಬೆರಳು ಬಿಡಿಸಿದಳು. ತೋರುಬೆರಳು ಕೆಂಪಗಿತ್ತು.

“ಬಳಿದೋಳು ನಾನು. ಸೊಸೆ ಕೈ ಬುಡು.”

“ನೀನಾ?” ಶಿವಲೀಲಾ ಎದ್ದುನಿಂತಳು. “ಥೂ! ಒಂದರ ಮೊಟ್ಟೆ ತಂದು ಇನ್ನೊಂದರದ್ದು ಅಂತ ತೋರಿಸ್ತೀಯಲ್ಲ, ಈ ಬುದ್ಧಿ ನಿಂಗೆ ಯಾರೇ ಕಲಿಸಿದ್ದು?”

ಗಂಗಾಮಣಿ ಮಂಜುನಾಥನ ಕಡೆ ಒಮ್ಮೆ ನೋಡಿದಳು. ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದಳು.

“ನೀನೇ ಕಣಕ್ಕ. ಈ ಮಂಜುನ ಹೆತ್ತು, ನನ್ನ ಮಡ್ಲಿಗೆ ಹಾಕಿ, ‘ನಂದೇ ಅಂತ ಹೇಳ್ಕೊ, ಇಲ್ಲದಿದ್ರೆ ಬಂಜೆ ಅಂತ ನಿನ್ನ ಓಡಿಸ್ಬುಡ್ತಾರೆ’ ಅಂದೋಳು ನೀನೇ ಅಲ್ವಾ?”