ಎಡಗಡೆಯ ಟ್ರೇ

"ಅಲ್ಲಿ ಒಂದೂ ಬದುಕಲಿಲ್ಲ." ಗೈಡ್ ಕಾಗದವನ್ನು ಮೇಜಿನ ಮೇಲೆ ಎಸೆದರು. "ನಿನ್ನ ಹತ್ರ ಮಾತ್ರ ನಲವತ್ತಕ್ಕೆ ಮೂವತ್ತೆಂಟು. ಹೇಗಮ್ಮ?"

ವಿದ್ಯಾರ್ಥಿನಿ ಕಾಗದ ಓದಿದಳು. ಬೇರೊಂದು ಲ್ಯಾಬಿನವರು ಅವಳ ಪ್ರಯೋಗವನ್ನೇ ಮತ್ತೆ ಮಾಡಿ ನೋಡಿದ್ದರು. ಅದೇ ಬೀಜ, ಅದೇ ಉಪ್ಪುನೀರು, ಅವಳೇ ಕಳಿಸಿದ ಪಾಚಿಯ ರಸ. ಎಂಟೇ ದಿನದಲ್ಲಿ ಎಲ್ಲ ಸಸಿಗಳೂ ನೆಲ ಕಚ್ಚಿದ್ದವು. ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ತನ್ನ ಬೆರಳುಗಳೇ ಯಾರದೋ ಎಂಬಂತೆ ಕಾಗದ ಮಡಚುವುದನ್ನು ನೋಡುತ್ತಾ ನಿಂತಳು.

"ನಾನು ಸುಳ್ಳು ಬರೆದಿಲ್ಲ ಸರ್."

"ಬರೆದವರೆಲ್ಲ ಹೇಳೋದು ಇದನ್ನೇ. ಸತ್ತ ಆ ಎರಡು?"

"ಎರಡೂ ಒಂದೇ ಸೋಮವಾರ ಸತ್ತವು. ಅವತ್ತು ಅಟೆಂಡರ್‌ಗೆ ಜ್ವರ. ಫ್ಯಾನ್ ಹಾಕೋರು ಇರ್ಲಿಲ್ಲ, ಸೆಖೆ."

ಗೈಡ್ ನಕ್ಕರು. ನಾಳೆ ಹತ್ತಕ್ಕೆ ಸಮಿತಿ. ಅವಳಿಗೆ ಮೂರು ನಿಮಿಷ. ಅಷ್ಟರಲ್ಲಿ ಅವರು ನಂಬದಿದ್ದರೆ ಡಿಗ್ರಿ ಇಲ್ಲ. ವಾರದಿಂದ ವಿಚಾರಣೆ ನಡೆದಿತ್ತು. ಸಹಪಾಠಿಗಳನ್ನು ಕೇಳಿದ್ದರು, ಸೀನಿಯರ್‌ಗಳನ್ನು ಕೇಳಿದ್ದರು, ಪಕ್ಕದ ವಿಭಾಗದವರನ್ನೂ ಬಿಟ್ಟಿರಲಿಲ್ಲ. ಹೆಸರಿನ ಹಿಂದೆ ಮುಂದೆ ಅಕ್ಷರ ಅಂಟಿಸಿಕೊಂಡವರನ್ನೆಲ್ಲ ಕೇಳಿ ಮುಗಿದಿತ್ತು.

"ಮೊದಲು ಮಾತಾಡೋದು ಕಲಿ. ನಿನ್ನ ಭಾಷಣಕ್ಕೆ ನನಗೇ ಆಕಳಿಕೆ ಬರುತ್ತೆ. ಹೋಗಿ ನಮ್ಮ ಅಟೆಂಡರ್‌ಗೆ ಹೇಳು. ಅವನ ಬುರುಡೆಗೆ ಇಳಿದ್ರೆ ಯಾರ ಬುರುಡೆಗಾದ್ರೂ ಇಳಿಯುತ್ತೆ."

ಅಟೆಂಡರ್ ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಈಗ ಐವತ್ತರ ಮೇಲೆ. ಬೆಳಗ್ಗೆ ಏಳಕ್ಕೆ ಬಂದು ಬಾಗಿಲು ತೆರೆಯುತ್ತಿದ್ದ. ಓದಿದವರು ಬರುತ್ತಿದ್ದುದು ಒಂಬತ್ತಕ್ಕೆ. ಗಾಜು ತೊಳೆಯುವುದು ಅವನ ಕೆಲಸ, ಆದರೂ ಉಗುರಲ್ಲಿ ಸದಾ ಮಣ್ಣು. ಕಿಟಕಿಯ ಕಟ್ಟೆಯ ಮೇಲೆ ಒಡಕು ಬೀಕರ್‌ಗಳಲ್ಲಿ ಏನೇನೋ ಬೆಳೆಸುತ್ತಿದ್ದ. "ಇದೇನು ಲ್ಯಾಬೋ, ನಿಮ್ಮಪ್ಪನ ತೋಟವೋ?" ಎಂಟು ವರ್ಷದಲ್ಲಿ ಗೈಡ್ ಅವನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಅವಳು ತನ್ನ ಭಾಷಣದ ಕಾಗದ ಹಿಡಿದು ಅವನಿಗೆ ಓದಿ ಹೇಳಿದಳು. ಅವನು ಬ್ರಷ್ಷನ್ನು ಕೈಯಲ್ಲಿ ಹಿಡಿದೇ ತಲೆದೂಗಿದ.

"ಬಹಳ ಚೆನ್ನಾಗಿದೆ ಅಮ್ಮ."

"ಏನು ಅರ್ಥ ಆಯ್ತು ಅಣ್ಣ?"

"ನೀವು ತುಂಬಾ ಓದಿದೀರ ಅಂತ."

ಅವಳು ಅರ್ಧ ಪದಗಳನ್ನು ಹೊಡೆದುಹಾಕಿ ಮತ್ತೆ ಹೇಳಿದಳು.

"ಈಗ?"

"ಉಪ್ಪು ಹಾಕಿ ಗಿಡ ಬೆಳೆಸ್ತೀರ. ನಮ್ಮ ಮನೆಯವಳು ಉಪ್ಪು ಹಾಕಿ ಅಡುಗೆ ಕೆಡಿಸ್ತಾಳೆ. ನೀವೇ ವಾಸಿ."

ನಗು ಬರಲಿಲ್ಲ. ಅವಳಿಗೆ ಅಳುವೂ ನಿಂತು ತಿಂಗಳುಗಳಾಗಿದ್ದವು. ಕಡೆಯ ಸಲ ಅತ್ತದ್ದು ಇದೇ ನೆಲದ ಮೇಲೆ, ಮೊದಲ ಸಲ ಬಿತ್ತಿ ಬೆಳೆಸಿದ ಸಸಿಗಳು ಉಪ್ಪುನೀರು ಹಾಕಿದ ಮೂರನೇ ದಿನವೇ ಒರಗಿದಾಗ. ಅವನು ಪೊರಕೆ ಹಿಡಿದು ನಿಂತಿದ್ದ. "ಬಲಗಡೆ ಟ್ರೇದು ಸತ್ರೆ ಸಾಯ್ಲಿ ಅಣ್ಣ, ಎಡಗಡೇದ್ರಲ್ಲೇ ನನ್ನ ಜೀವ ಇರೋದು" ಅಂದಿದ್ದಳು. "ಅಳಬೇಡಿ ಅಮ್ಮ, ನಾನಿಲ್ವಾ?" ಅಂದಿದ್ದ. ಮಣ್ಣು ಚೆಲ್ಲಿ ಹೊಸದಾಗಿ ಬಿತ್ತಿದಳು. ಉಳಿದ ಬೀಜವನ್ನು ಎಸೆಯಲು ಅವನ ಕೈಗೆ ಕೊಟ್ಟಳು. ಅಲ್ಲಿಂದಾಚೆ ಎಡಗಡೆಯ ಟ್ರೇ ಹಿಂತಿರುಗಿ ನೋಡಲಿಲ್ಲ.

ಈ ಸಲ ಕಾಗದವನ್ನು ಕಸದ ಬುಟ್ಟಿಗೆ ಹಾಕಿದಳು. ಎರಡೂ ಟ್ರೇಗಳನ್ನು ಅವನ ಮುಂದೆ ಇಟ್ಟಳು. ಎಡಗಡೆ ಹಸಿರು, ಬಲಗಡೆ ಒಣಕಡ್ಡಿ.

"ನೋಡಿ ಅಣ್ಣ. ಎರಡಕ್ಕೂ ಉಪ್ಪುನೀರೇ. ಎಡಗಡೇದಕ್ಕೆ ಮಾತ್ರ ಈ ರಸ. ರಸ ಗಿಡಾನ ಕಾಯುತ್ತೋ ಇಲ್ವೋ, ಅದೊಂದೇ ಪ್ರಶ್ನೆ. ಕಾದ್ರೆ ಉಪ್ಪುನೆಲದವರು ನಾಳೆ ಇದನ್ನ ನಂಬಿ ಬಿತ್ತಬಹುದು. ಹೊಟ್ಟೆಪಾಡಿನ ವಿಷಯ, ಅದಕ್ಕೇ ಸುಳ್ಳು ಸೇರಬಾರದು."

ಅವನು ಬ್ರಷ್ ಕೆಳಗಿಟ್ಟ.

"ದಿನಾ ಒಂಬತ್ತಕ್ಕೆ ಬಂದು ಎಷ್ಟು ಸತ್ತಿವೆ ಅಂತ ಎಣಿಸಿ ಬರೀತೀನಿ. ಅಷ್ಟೇ ನನ್ನ ಕೆಲಸ. ಬದುಕಿಸೋದಲ್ಲ, ಎಣಿಸೋದು."

"ಎಡಗಡೇದೂ ಸತ್ರೆ?"

"ಸತ್ತವು ಅಂತ ಬರೆಯೋದು. ಈ ರಸ ಪ್ರಯೋಜನ ಇಲ್ಲ ಅಂತ. ಅದೂ ಉತ್ತರಾನೇ ಅಣ್ಣ. ಅದಕ್ಕೂ ಡಿಗ್ರಿ ಕೊಡ್ತಿದ್ರು. ಅವತ್ತು ಸುಮ್ನೆ ಅತ್ತೆ, ಗೊತ್ತಿರ್ಲಿಲ್ಲ."

ಗಡಿಯಾರ ನೋಡಿದಳು. ಮೂರು ನಿಮಿಷವೂ ಆಗಿರಲಿಲ್ಲ. ಒಂದು ಪದವೂ ತೊಡಕಾಗಿರಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ ತನ್ನ ಮಾತು ಇನ್ನೊಬ್ಬರ ಮುಖದೊಳಗೆ ಇಳಿಯುವುದನ್ನು ಕಣ್ಣಾರೆ ಕಂಡಳು. ಅವನು ತಲೆದೂಗಲಿಲ್ಲ, ತಮಾಷೆ ಮಾಡಲಿಲ್ಲ. ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ.

"ಅರ್ಥ ಆಯ್ತಾ ಅಣ್ಣ?"

"ಆಯ್ತು."

ಅವನು ಕಿಟಕಿಯ ಕಟ್ಟೆಯ ಬೀಕರ್‌ಗಳನ್ನು ನೋಡಿದ.

"ಹಾಗಾದ್ರೆ ದಿನಾ ಬೆಳಗ್ಗೆ ನೀವು ಬರೋ ಮುಂಚೆ ಎಡಗಡೆ ಸತ್ತಿದ್ದನ್ನ ಕಿತ್ತು ಬೇರೆ ಸಸಿ ನೆಡ್ತಿದ್ನಲ್ಲ, ಅದು ಬೇಕಿರ್ಲಿಲ್ವಾ ಅಮ್ಮ?"