ಹತ್ತು ಲಕ್ಷದ ಹದಿಮೂರು

ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ಎಂಟನೇ ತರಗತಿಯ ಹುಡುಗಿಯೊಬ್ಬಳು ಎಲ್ಲರೆದುರು ತೋರಿಸಿದಳು. ಮೇಷ್ಟ್ರು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದರು. ಪುಸ್ತಕ ನೋಡಿ ಅವಳ ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಸಂಖ್ಯೆ ಬರೆದರು.

"ಇದು ಅವಿಭಾಜ್ಯ ಸಂಖ್ಯೆ. ಯಾವುದ್ರಿಂದಲೂ ಭಾಗ ಆಗಲ್ಲ. ಒಂದೊಂದಾಗಿ ಭಾಗಿಸಿ ತೋರ್ಸು. ಮುಗಿಯೋವರೆಗೂ ಆಟಕ್ಕೆ ಹೋಗೋ ಹಾಗಿಲ್ಲ."

ಗೆಳತಿಯರು ಊಟದ ಬಿಡುವಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರೆ ಅವಳು ಕೂತು ಭಾಗಿಸುತ್ತಿದ್ದಳು. ತಿಂಗಳಾಯಿತು. ಅವಳನ್ನು ನೋಡುತ್ತ ಮೇಷ್ಟ್ರಿಗೆ ಮಧ್ಯಾಹ್ನದ ಊಟ ಸೇರದಾಯಿತು. ಒಂದು ದಿನ ಡಬ್ಬಿ ಮುಚ್ಚಿಟ್ಟು ಅವಳ ಪಕ್ಕದಲ್ಲಿ ಬಂದು ಕೂತರು.

"ಸಾಕು ಬಿಡಮ್ಮ. ಅದು ಭಾಗ ಆಗಲ್ಲ ಅಂತ ಗೊತ್ತಿದ್ದೇ ಕೊಟ್ಟೆ. ಸಿಟ್ಟಲ್ಲಿ ಕೊಟ್ಟಿದ್ದು. ತಪ್ಪು ನಂದು."

ಮೇಷ್ಟ್ರು ನೋಟ್‌ಬುಕ್ಕಿನ ಮೊದಲ ಪುಟ ತೆರೆದರು. ಪುಸ್ತಕದಲ್ಲಿದ್ದದ್ದು 10,00,003. ಇಲ್ಲಿ ತಮ್ಮದೇ ಕೈಬರಹದಲ್ಲಿ 10,00,013. ಅದರ ಕೆಳಗೆ ಅವಳು ಏಳರಿಂದ ಭಾಗಿಸಿದ್ದಳು. ಶೇಷ ಸೊನ್ನೆ. ಆಮೇಲೂ ಹನ್ನೊಂದು, ಹದಿಮೂರು ಅಂತ ಪುಟಗಟ್ಟಲೆ ಭಾಗಿಸುತ್ತಲೇ ಹೋಗಿದ್ದಳು.

"ಮೊದಲ್ನೇ ದಿನಾನೇ ಭಾಗ ಆಗಿದೆಯಲ್ಲ. ನಾನು ತಪ್ಪು ಬರೆದಿದೀನಿ ಅಂತ ಯಾಕೆ ಹೇಳ್ಲಿಲ್ಲ?"

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು.

"ಹೋದ್ಸಲ ಹೇಳಿದ್ದಕ್ಕೇ ಅಲ್ವಾ ಸಾರ್, ಇಲ್ಲಿ ಕೂರ್ಸಿದ್ದು?"